ಎಂಬತ್ತಾರು ಜೊತೆ ಪಾದ

ಬೀಗ ರಿಪೇರಿಯ ಬೀಗದಣ್ಣ ಊರಿನ ಸೇವಾ ಸಂಘಕ್ಕೆ ಸೇರಿದ್ದು ಸೇವೆ ಮಾಡಬೇಕೆಂಬ ಹಂಬಲದಿಂದೇನೂ ಅಲ್ಲ. ಹನ್ನೊಂದು ವರ್ಷಗಳ ಹಿಂದೆ ಸಂಘದ ಕಪಾಟಿನ ಕೀಲಿ ಕಳೆದುಹೋಗಿತ್ತು. ಮರುದಿನದ ಶಿಬಿರದಲ್ಲಿ ಹಂಚಬೇಕಾದ ಇನ್ನೂರು ಕನ್ನಡಕಗಳು ಒಳಗೆ ಸಿಕ್ಕಿಕೊಂಡಿದ್ದವು. ಅವನನ್ನು ಕರೆಸಿದರು. ಬಂದವನು ತಂತಿ ತೂರಿಸಿ, ಕಿವಿ ಹಚ್ಚಿ, ಎರಡು ನಿಮಿಷದಲ್ಲಿ ಬಾಗಿಲು ತೆಗೆದ. ಚಹಾ ಕುಡಿದು ಹೋಗಿ ಎಂದರು, ಕುಡಿದ. ಮುಂದಿನ ಗುರುವಾರವೂ ಬನ್ನಿ ಎಂದರು, ಹೋದ. ಹೀಗೆ ಗುರುವಾರದ ಮೇಲೆ ಗುರುವಾರ ಉರುಳಿ, ಅವನ ಜೇಬಿನ ಮೇಲೂ ಸಂಘದ ಬಿಲ್ಲೆ ಬಂದು ಕೂತಿತು. ಸಭೆಯಲ್ಲಿ ಅವನ ಜಾಗ ಬಾಗಿಲ ಪಕ್ಕದ ಕುರ್ಚಿ. ಕೈ ಎತ್ತಬೇಕಾದಾಗ ಎತ್ತುತ್ತಿದ್ದ, ಉಳಿದಂತೆ ಸುಮ್ಮನಿರುತ್ತಿದ್ದ. ಹನ್ನೊಂದು ವರ್ಷದಲ್ಲಿ ಸಭೆಯಲ್ಲಿ ಅವನು ಆಡಿದ ಮಾತುಗಳನ್ನೆಲ್ಲ ಒಂದು ಅಂಚೆ ಕಾರ್ಡಿನಲ್ಲಿ ಬರೆದರೂ ಜಾಗ ಉಳಿಯುತ್ತಿತ್ತು.

ರೋಗ ಬಂದಾಗ ಸಂಘದಲ್ಲಿ ಇಪ್ಪತ್ತೆಂಟು ಜನ. ಅವರಲ್ಲಿ ಇಪ್ಪತ್ತೆರಡು ಜನ ಅರವತ್ತು ದಾಟಿದವರು. ಅರವತ್ತು ದಾಟಿದವರು ಹೊಸ್ತಿಲು ದಾಟಬಾರದೆಂದು ಸರ್ಕಾರ ಹೇಳಿತು. ನಿನ್ನೆಯವರೆಗೆ ಊರಿನ ಮುದುಕರಿಗೆ ಕಂಬಳಿ ಹಂಚುತ್ತಿದ್ದವರು ಬೆಳಗಾಗುವಷ್ಟರಲ್ಲಿ ತಾವೇ ಮುದುಕರ ಪಟ್ಟಿಗೆ ಸೇರಿಬಿಟ್ಟರು. ಮಕ್ಕಳು, ಸೊಸೆಯಂದಿರು ಅವರ ಚಪ್ಪಲಿ ಬಚ್ಚಿಟ್ಟರು. ಔಷಧದಂಗಡಿಯ ಮೇಲಿದ್ದ ಸಂಘದ ಹಾಲಿಗೆ ಬೀಗ ಬಿತ್ತು. ಹಾಕಿದವನು ಬೀಗದಣ್ಣನೇ.

ಉಳಿದ ಆರು ಜನರಲ್ಲಿ ಬೀಗದಣ್ಣನೂ ಇದ್ದ, ಅಧ್ಯಕ್ಷರೂ ಇದ್ದರು. ಅಧ್ಯಕ್ಷರಿಗೆ ಐವತ್ತೆಂಟು. ಅವರು ಹಲ್ಲಿನ ಡಾಕ್ಟರು. ಬಾಯಿ ತೆರೆಯುವುದೇ ಅಪಾಯವಾದ ಕಾಲದಲ್ಲಿ ಮೊದಲು ಮುಚ್ಚಿದ್ದು ಅವರ ಕ್ಲಿನಿಕ್ಕು. ಮೂವತ್ತು ವರ್ಷ ಜನರ ಬಾಯಲ್ಲಿ ಹತ್ತಿ ತುರುಕಿ ತಾವೊಬ್ಬರೇ ಮಾತಾಡಿ ಅಭ್ಯಾಸವಾದ ಮನುಷ್ಯ. ಮನೆಯಲ್ಲಿ ಸುಮ್ಮನೆ ಕೂರುವುದು ಅವರ ಜಾಯಮಾನಕ್ಕೆ ಒಗ್ಗಲಿಲ್ಲ. ನಾಲ್ಕನೇ ದಿನವೇ ಫೋನಿನಲ್ಲಿ ಸಭೆ ಕರೆದರು.

"ಆಂಬುಲೆನ್ಸ್‌ನವರು ರೋಗೀನ ಎತ್ಕೊಂಡು ಹೋಗ್ತಾರೆ, ಸರಿ. ಹಿಂದೆ ಆ ಮನೆ ಗತಿ ಏನು?" ಎಂದು ಅವರು ಕೇಳಿದರು. "ಒಲೆ ಮೇಲೆ ಹಾಲು ಹಾಗೇ ಇರತ್ತೆ. ನಲ್ಲಿ ಸುರೀತಿರತ್ತೆ. ಕೀಲಿ ಒಳಗೇ ಉಳಿದು ಬಾಗಿಲಿಗೆ ಬೀಗ ಬಿದ್ದಿರತ್ತೆ. ಒಂಟಿ ಜನ ಏನ್ರೀ ಮಾಡ್ಬೇಕು? ನಮ್ಮ ಹತ್ರ ಬೀಗದಣ್ಣ ಇದಾನೆ. ಏನಪ್ಪಾ, ಆಗತ್ತಾ?"

"ಆಗತ್ತೆ," ಎಂದ ಬೀಗದಣ್ಣ. ಅಂಚೆ ಕಾರ್ಡಿಗೆ ಇನ್ನೊಂದು ಪದ ಸೇರಿತು.

ಹೀಗೆ ಸಂಘದ ಹೊಸ ಕೆಲಸ ಶುರುವಾಯಿತು. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿದ್ದರು, ಎಲ್ಲರೂ ಅವರನ್ನು ದೊಡ್ಡ ಟೀಚರ್ ಎನ್ನುತ್ತಿದ್ದರು. ಅವರು ಮನೆಯಲ್ಲೇ ಕೂತು ಫೋನು ಹಿಡಿದರು. ಯಾರದಾದರೂ ಮನೆ ಖಾಲಿಯಾಯಿತೆಂದು ಸುದ್ದಿ ಬಂದರೆ ಆಸ್ಪತ್ರೆಗೆ ಫೋನು ಮಾಡಿ, ರೋಗಿಯ ಒಪ್ಪಿಗೆ ಕೇಳಿ, ವಿಳಾಸವನ್ನು ಬೀಗದಣ್ಣನಿಗೆ ಕೊಡುತ್ತಿದ್ದರು. ಅವನು ಸ್ಕೂಟರಿನಲ್ಲಿ ಹೋಗಿ ಬಾಗಿಲು ತೆಗೆದು, ಗ್ಯಾಸು ಬಂದ್ ಮಾಡಿ, ಹಳಸಿದ್ದನ್ನು ಚೆಲ್ಲಿ, ಕಿಟಕಿ ಭದ್ರಪಡಿಸಿ, ಗಿಡಕ್ಕೆ ನೀರು ಹಾಕಿ ಬರುತ್ತಿದ್ದ. ಒಂದು ಮನೆಯಲ್ಲಿ ಬೆಕ್ಕು, ಇನ್ನೊಂದರಲ್ಲಿ ಮೀನಿನ ತೊಟ್ಟಿ. ಮತ್ತೊಂದರಲ್ಲಿ ಟಿವಿ ಮೂರು ದಿನದಿಂದ ತನ್ನಷ್ಟಕ್ಕೆ ತಾನೇ ವಾರ್ತೆ ಓದಿಕೊಳ್ಳುತ್ತಿತ್ತು. ತೆಗೆದ ಬೀಗಗಳಿಗೆಲ್ಲ ಹೊಸ ಕೀಲಿ ಉಜ್ಜಿ, ತನ್ನ ಮನೆಯಲ್ಲಿ ಮೊಳೆ ಹೊಡೆದ ಹಲಗೆಗೆ ನೇತು ಹಾಕಿದ.

ಹೆಂಡತಿ ಅಂಗಳದಲ್ಲಿ ಸೋಪಿನ ಬಕೆಟ್ಟು ಇಟ್ಟುಕೊಂಡು ಕಾಯುತ್ತಿದ್ದಳು.

"ನಿಲ್ಲಿ ಅಲ್ಲೇ. ಅಂಗಿ ಬಿಚ್ಚಿ. ಇವತ್ತು ಎಷ್ಟು ಮನೆ?"

"ಆರು."

"ಮದುವೆ ಆದಾಗಿಂದ ನನ್ನನ್ನ ಒಂದು ಮನೆಗೆ ಕರ್ಕೊಂಡು ಹೋಗೋಕೆ ನಿಮಗೆ ಪುರುಸೊತ್ತಿರಲಿಲ್ಲ. ಈಗ ದಿನಕ್ಕೆ ಆರು ಮನೆ ಸುತ್ತಾಡ್ತೀರ, ಅದೂ ಯಾರೂ ಇಲ್ಲದಾಗ."

ಅವನು ನಕ್ಕು ಬಕೆಟ್ಟಿಗೆ ಕೈ ಅದ್ದುತ್ತಿದ್ದ.

ಎರಡನೇ ತಿಂಗಳಲ್ಲಿ ಬೂಟಿನಕ್ಕನ ಮನೆಯ ಸುದ್ದಿ ಬಂತು. ಬೂಟಿನಕ್ಕ ಎಂದರೆ ಅರವತ್ತಮೂರು ವರ್ಷದ ಒಂಟಿ ಹೆಂಗಸು. ಕಾಲು ಗಿಡ್ಡ ಇರುವವರಿಗೆ, ಪಾದ ತಿರುಚಿಕೊಂಡವರಿಗೆ, ಸಕ್ಕರೆ ಕಾಯಿಲೆಯಿಂದ ಬೆರಳು ಕಳೆದುಕೊಂಡವರಿಗೆ ಅಳತೆ ನೋಡಿ ಬೂಟು ಹೊಲಿಯುವುದು ಅವಳ ಕಸುಬು. ಉಸಿರು ಕಟ್ಟಿ ಆಸ್ಪತ್ರೆಗೆ ಹೋಗಿದ್ದಳು. ಕೀಲಿ ಒಳಗೇ ಇತ್ತು.

ಬೀಗದಣ್ಣ ಬಾಗಿಲು ತೆಗೆದು ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಮುಂದಿನ ಕೋಣೆಯೇ ಅವಳ ಕೆಲಸದ ಮನೆ. ಮೂರು ಗೋಡೆಗೂ ನೆಲದಿಂದ ಚಾವಣಿಯವರೆಗೆ ಹಲಗೆಗಳು. ಹಲಗೆಯ ತುಂಬ ಮರದ ಪಾದಗಳು. ಬೂಟು ಹೊಲಿಯುವಾಗ ತೊಗಲನ್ನು ಎಳೆದು ಕೂರಿಸಲು ಬೇಕಾದ ಅಚ್ಚುಗಳು ಅವು. ಅಂಗಡಿಯ ಬೂಟಿನ ಅಚ್ಚುಗಳು ಒಂದರಂತೆ ಒಂದಿರುತ್ತವೆ. ಇವು ಹಾಗಿರಲಿಲ್ಲ. ಒಂದು ಜೊತೆಯಲ್ಲಿ ಎಡಗಾಲು ಗೇಣುದ್ದ, ಬಲಗಾಲು ಅದರ ಅರ್ಧ. ಇನ್ನೊಂದರಲ್ಲಿ ಹೆಬ್ಬೆರಳ ಬುಡದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಎಲ್ಲೆಲ್ಲಿ ಊತ, ಅಲ್ಲಲ್ಲಿ ತೊಗಲಿನ ತುಂಡು ಅಂಟಿಸಿ ತಿದ್ದಿದ್ದಳು. ಪ್ರತಿ ಜೊತೆಯ ಹಿಮ್ಮಡಿಗೂ ಒಂದು ಸಂಖ್ಯೆ. ಎಂಬತ್ತಾರರವರೆಗೆ ಇತ್ತು.

ಎರಡು ಬೆರಳಷ್ಟು ಧೂಳು, ಮೂಲೆಯಲ್ಲಿ ಜೇಡರ ಬಲೆ. ಕೋಣೆಯಲ್ಲಿ ತೊಗಲಿನ ವಾಸನೆ, ಅಂಟಿನ ವಾಸನೆ. ಅವನು ಏನನ್ನೂ ಮುಟ್ಟಲಿಲ್ಲ. ಹಿಂದಿನ ಅಡಿಗೆಮನೆಗೆ ಹೋಗಿ ಮಾಡುವುದನ್ನು ಮಾಡಿ, ಬಾಗಿಲು ಎಳೆದುಕೊಂಡು ಬಂದ. ಆಮೇಲೆ ಹತ್ತೊಂಬತ್ತು ದಿನ ಬೆಳಿಗ್ಗೆ ಬೆಳಿಗ್ಗೆ ಹೋಗಿ ಹಿತ್ತಲಿನ ಗಿಡಗಳಿಗೆ ನೀರು ಹಾಕಿದ. ಹೋಗುವಾಗೊಮ್ಮೆ ಬರುವಾಗೊಮ್ಮೆ ಪಾದಗಳ ಮುಂದೆ ನಿಲ್ಲುವುದು ರೂಢಿಯಾಯಿತು. ನಲವತ್ತೊಂದನೇ ಜೊತೆಯ ಎಡಗಾಲು ಬಲಗಾಲಿಗಿಂತ ಎಷ್ಟೋ ಸಣ್ಣದಾಗಿ ಒಳಮುಖವಾಗಿ ತಿರುಗಿತ್ತು. ಇದು ತಮ್ಮ ಬೀದಿಗೆ ಟಪಾಲು ತರುವ ಅಂಚೆಯಾಕೆಯದೇ ಇರಬೇಕು ಎಂದು ಅವನಿಗೆ ಅನಿಸಿತು. ಅವಳ ಎಡಬೂಟಿನ ಅಡಿ ನಾಲ್ಕು ಬೆರಳು ದಪ್ಪ ಇದ್ದದ್ದನ್ನು ಅವನು ವರ್ಷಗಟ್ಟಲೆ ನೋಡಿದ್ದ.

ಅಷ್ಟರಲ್ಲಿ ಅಧ್ಯಕ್ಷರ ತಲೆಯಲ್ಲಿ ಇನ್ನೊಂದು ಯೋಜನೆ ಮೊಳೆತಿತ್ತು. ಆಸ್ಪತ್ರೆಯಿಂದ ಮರಳುವವರು ಕೊಳಕು ಮನೆಗೆ ಯಾಕೆ ಬರಬೇಕು? ಹಿಂದಿನ ದಿನವೇ ಸಂಘದವರು ಹೋಗಿ ಗುಡಿಸಿ, ಔಷಧ ಸಿಂಪಡಿಸಿ, ಮೇಜಿನ ಮೇಲೆ ಹೂಗುಚ್ಛ ಇಟ್ಟು, ಮರುದಿನ ಬಾಗಿಲಲ್ಲಿ ನಿಂತು ಸ್ವಾಗತಿಸಿ ಒಂದು ಫೋಟೊ. ನಾಲ್ಕು ಮನೆಗಳಲ್ಲಿ ಹಾಗೆ ಮಾಡಿದ್ದರು. ನಾಲ್ಕೂ ಮನೆಯವರು ಕಣ್ಣೀರು ಹಾಕಿಕೊಂಡು ವಂದಿಸಿದ್ದರು. ಐದನೆಯದು ಬೂಟಿನಕ್ಕನದು.

ಆ ದಿನ ಅಧ್ಯಕ್ಷರ ಜೊತೆ ಇನ್ನಿಬ್ಬರು ಬಂದರು. ಮೈತುಂಬ ಪ್ಲಾಸ್ಟಿಕ್ ಕೋಟು, ಬೆನ್ನ ಮೇಲೆ ಸಿಂಪಡಿಸುವ ಡಬ್ಬಿ. ಬೀಗದಣ್ಣ ಬಾಗಿಲು ತೆಗೆದ.

"ಇದೇನ್ರೀ ಇದು, ಮ್ಯೂಸಿಯಮ್ಮಾ?" ಎಂದರು ಅಧ್ಯಕ್ಷರು. ಒಂದು ಪಾದವನ್ನು ಎತ್ತಿ, ಊದಿ, ಕೆಮ್ಮಿದರು. "ಧೂಳು ನೋಡಿ. ಹುಳ ಬೇರೆ ಹಿಡಿದಿದೆ. ಶ್ವಾಸಕೋಶ ಕೆಟ್ಟು ಬರ್ತಿರೋ ಹೆಂಗಸು ಇದರ ಮಧ್ಯೆ ಹೇಗ್ರೀ ಮಲಗ್ತಾಳೆ?"

"ಅವರ ಕೆಲಸದ್ದು," ಎಂದ ಬೀಗದಣ್ಣ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಎರಡು ಬೀದಿ ಆಚೆ ಒಬ್ಬ ಮುದುಕ ಬಚ್ಚಲುಮನೆಯಲ್ಲಿ ಸಿಕ್ಕಿಕೊಂಡಿದ್ದ. ಒಳಗಿನ ಚಿಲಕ ತೆಗೆಯಲು ಬರುತ್ತಿರಲಿಲ್ಲ, ಮುದುಕಿ ಫೋನಿನಲ್ಲಿ ಅಳುತ್ತಿದ್ದಳು. ಬೀಗದಣ್ಣ ಹೊರಟ. ಹೊಸ್ತಿಲ ಬಳಿ ಒಂದು ಗಳಿಗೆ ನಿಂತು ಹಿಂದಿರುಗಿ ನೋಡಿದ್ದೂ ಉಂಟು. "ಅವನ್ನ ಮುಟ್ಟಬೇಡಿ" ಎಂಬ ಎರಡು ಪದ ನಾಲಗೆಯ ತುದಿಯಲ್ಲಿತ್ತು. ಅಧ್ಯಕ್ಷರಿಗೆ ಹಾಗೆಲ್ಲ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಡಾಕ್ಟರು, ಓದಿದವರು, ತಿಳಿದೇ ಮಾಡುತ್ತಾರೆ ಎಂದುಕೊಂಡು ಸ್ಕೂಟರು ಒದ್ದ.

ಮುದುಕನನ್ನು ಬಿಡಿಸಿ ಮರಳುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಬೂಟಿನಕ್ಕನ ಗೋಡೆಗಳು ಬೋಳಾಗಿದ್ದವು. ಒರೆಸಿದ ಹಲಗೆಗಳಿಂದ ಔಷಧದ ನಾತ ಬರುತ್ತಿತ್ತು. ಮೇಜಿನ ಮೇಲೆ ಹೂಗುಚ್ಛ.

"ಎಲ್ಲಿ?" ಎಂದ.

"ಏಳು ಚೀಲ ಆಯ್ತು ನೋಡು," ಎಂದರು ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತ. "ಕಸದ ಗಾಡಿಯವರು ಕೆಂಪು ಪಟ್ಟಿ ಕಟ್ಟಿ ಒಯ್ದರು. ರೋಗದ ಮನೆ ಕಸ, ಬೇರೆ ಸುಡ್ತಾರಂತೆ. ಮರದ ಮೇಲೆ ವೈರಸ್ಸು ಎಷ್ಟು ದಿನ ಕೂತಿರತ್ತೋ ಯಾರಿಗೆ ಗೊತ್ತು?"

ಬೀಗದಣ್ಣ ಸ್ಕೂಟರಿನತ್ತ ಓಡಿದ. ಊರಾಚೆಯ ಕಸದ ಅಂಗಳಕ್ಕೆ ಏಳು ಮೈಲಿ. ಅವನ ಸ್ಕೂಟರು ಅಷ್ಟು ವೇಗವಾಗಿ ಓಡಬಲ್ಲದೆಂದು ಅವನಿಗೇ ಗೊತ್ತಿರಲಿಲ್ಲ. ಅಂಗಳದ ಮೇಲ್ವಿಚಾರಕಿ ಮೊಣಕೈವರೆಗೆ ಕೈಗವಸು ಹಾಕಿದ ಗಟ್ಟಿ ಹೆಂಗಸು. ಕೆಂಪು ಪಟ್ಟಿಯ ಚೀಲ ವಾಪಸು ಕೊಡುವ ನಿಯಮವಿಲ್ಲ ಎಂದಳು. ಅವನು ಕಾಲು ಹಿಡಿಯುವುದೊಂದು ಬಾಕಿ.

"ಒಳಗೆ ಏನಿದೆ?" ಎಂದು ಅವಳು ಕೇಳಿದಳು.

"ಕಾಲು."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅವನು ಇಡೀ ಕಥೆ ಹೇಳಬೇಕಾಯಿತು. ಕೇಳಿ ಅವಳೇ ಕೊಕ್ಕೆ ಹಿಡಿದು ಹೊರಟಳು. ಎರಡು ಚೀಲ ಆಗಲೇ ಕುಲುಮೆಗೆ ಬಿದ್ದಿದ್ದವು, ಐದು ಉಳಿದಿದ್ದವು. ಕುಲುಮೆಯ ಬಾಯಿಯಿಂದ ಒಳ್ಳೆಯ ಒಣ ಮರ ಉರಿಯುವಾಗಿನ ಶಬ್ದ ಕೇಳಿಸುತ್ತಿತ್ತು. ಬೀಗದಣ್ಣ ಮೂರು ಸಲ ಓಡಾಡಿ ಐದು ಚೀಲಗಳನ್ನೂ ಸ್ಕೂಟರಿನಲ್ಲಿ ಹೊತ್ತು ತಂದು, ರಾತ್ರಿಯವರೆಗೆ ಪಾದಗಳನ್ನು ಒರೆಸಿ, ಸಂಖ್ಯೆ ನೋಡಿ ಹಲಗೆಗೆ ಜೋಡಿಸಿದ. ಅರವತ್ತಮೂರು ಜೊತೆ. ಇಪ್ಪತ್ತಮೂರು ಇರಲಿಲ್ಲ. ನಲವತ್ತೊಂದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಬೂಟಿನಕ್ಕ ಬಂದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಆಟೊದಿಂದ ಬಾಗಿಲವರೆಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಂತಳು. ಅಧ್ಯಕ್ಷರು ಆರಡಿ ದೂರದಲ್ಲಿ ಹೂಗುಚ್ಛ ಚಾಚಿಕೊಂಡು ನಿಂತಿದ್ದರು. ಇನ್ನೊಬ್ಬರು ಫೋನು ಎತ್ತಿ ಹಿಡಿದಿದ್ದರು. ಅವಳು ಇಬ್ಬರನ್ನೂ ದಾಟಿ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಗೋಡೆ ನೋಡಿದಳು. ಒಂದು ಗೋಡೆ, ಇನ್ನೊಂದು, ಮತ್ತೊಂದು.

"ಏಳು," ಎಂದಳು. "ಹನ್ನೆರಡು. ಹದಿನಾಲ್ಕು, ಹದಿನೈದು. ಅಕ್ಕತಂಗೀರು. ನಲವತ್ತೊಂದು..." ಹೀಗೆ ಇಪ್ಪತ್ತಮೂರನ್ನೂ ಹೇಳಿದಳು. ಆಮೇಲೆ ಕೇಳಿದಳು, "ಇವರೆಲ್ಲ ಎಲ್ಲಿ?"

ಅಧ್ಯಕ್ಷರು ಬಾಗಿಲ ಹೊರಗಿನಿಂದಲೇ ವಿವರಿಸಿದರು. ಧೂಳು, ವೈರಸ್ಸು, ಆರೋಗ್ಯ. "ನೀವೇನೂ ಯೋಚನೆ ಮಾಡ್ಬೇಡಿ. ಹೊಸಾ ಅಚ್ಚು ತರಿಸಿಕೊಡೋಣ. ಈಗ ಪ್ಲಾಸ್ಟಿಕ್ಕಿನದೇ ಬರ್ತವೆ, ಚೊಕ್ಕಟ."

"ಎಲ್ಲಿಂದ ತರಿಸ್ತೀರ? ಆ ಪಾದ ಇರೋದು ಆ ಜನರ ಹತ್ರ ಮಾತ್ರ." ಅವಳ ದನಿ ಏರಲಿಲ್ಲ, ಏರಿಸಲು ಉಸಿರಿರಲಿಲ್ಲ. "ಬಾಗಿಲು ತೆಗೆದಿದ್ದು ಯಾರು?"

"ನಾನು," ಎಂದ ಬೀಗದಣ್ಣ.

"ಕೀಲಿ ಅಲ್ಲಿಟ್ಟು ಹೋಗಿ. ಎಲ್ಲರೂ ಹೋಗಿ."

ಹೂಗುಚ್ಛವನ್ನು ಅಧ್ಯಕ್ಷರು ಮೆಟ್ಟಿಲ ಮೇಲೆ ಇಟ್ಟರು. ಫೋಟೊ ಆಗಲಿಲ್ಲ.

ಆ ಗುರುವಾರದ ಫೋನು ಸಭೆಯಲ್ಲಿ ಮಾತು ಬಿಸಿಯಾಯಿತು. ಪುಕ್ಕಟೆ ಮನೆ ಕಾದು, ಗಿಡಕ್ಕೆ ನೀರು ಹಾಕಿ, ಕೊನೆಗೆ ಬೈಸಿಕೊಳ್ಳುವುದೇ ಎಂದರು ಒಬ್ಬರು. ಉಪಕಾರ ಸ್ಮರಣೆ ಇಲ್ಲದ ಜನ ಎಂದರು ಇನ್ನೊಬ್ಬರು. ಅಧ್ಯಕ್ಷರು, "ನನ್ನ ಉದ್ದೇಶ ಏನಿತ್ತು ಅನ್ನೋದು ಎಲ್ಲರಿಗೂ ಗೊತ್ತು," ಎಂದಷ್ಟೇ ಹೇಳಿ ನಿಟ್ಟುಸಿರು ಬಿಟ್ಟರು.

"ನಾನೊಂದು ಮಾತು," ಎಂಬ ದನಿ ಬಂತು. ಯಾರದೆಂದು ಯಾರಿಗೂ ಗುರುತು ಸಿಗಲಿಲ್ಲ.

"ಯಾರದು?" ಎಂದರು ದೊಡ್ಡ ಟೀಚರ್.

"ನಾನೇ, ಬೀಗದವನು. ನಾನು ಬಾಗಿಲು ತೆಗೆಯೋದು ಆ ಮನೇವರು ಒಪ್ಪಿದಾರೆ ಅಂತ. ಅವರು ಒಪ್ಪಿದ್ದು ಗಿಡಕ್ಕೆ ನೀರು ಹಾಕೋದಕ್ಕೆ. ಅವತ್ತು ನಾನು ಹೇಳಬೇಕಿತ್ತು, ಹೇಳಲಿಲ್ಲ. ಹಾಗಾಗಿ ಅರ್ಧ ತಪ್ಪು ನಂದು. ಇನ್ನರ್ಧ ಯಾರದ್ದು ಅಂತ ನಾನು ಹೇಳೋದಿಲ್ಲ."

ದೊಡ್ಡ ಟೀಚರ್ "ಅಧ್ಯಕ್ಷರೇ" ಎಂದು ಎರಡು ಸಲ ಕರೆದರು. ಅಧ್ಯಕ್ಷರು ಲೈನಿನಿಂದ ಹೊರಗೆ ಹೋಗಿದ್ದರು. ಅದು ಸಿಟ್ಟಿಗೋ ಸಿಗ್ನಲ್ಲಿಗೋ ಎಂಬುದು ತೀರ್ಮಾನವಾಗಲಿಲ್ಲ. ಮುಂದಿನ ಎರಡು ಗುರುವಾರ ಅವರು ಸಭೆ ಕರೆಯಲಿಲ್ಲ.

ಬೀಗದಣ್ಣ ಮಾತ್ರ ದಿನ ಬಿಟ್ಟು ದಿನ ಬೂಟಿನಕ್ಕನ ಮೆಟ್ಟಿಲ ಮೇಲೆ ತರಕಾರಿ, ಬ್ರೆಡ್ಡು, ಹಾಲು ಇಟ್ಟು ಬರುತ್ತಿದ್ದ. ಬಾಗಿಲು ತಟ್ಟುತ್ತಿರಲಿಲ್ಲ. ಮರುದಿನ ಅವು ಅಲ್ಲಿರುತ್ತಿರಲಿಲ್ಲ, ಅಷ್ಟೇ ಸಮಾಧಾನ.

ಮೂರನೇ ವಾರ ಹೋದಾಗ ಮೆಟ್ಟಿಲ ಮೇಲೆ ಅಂಚೆಯಾಕೆ ಕೂತಿದ್ದಳು. ಅವಳ ಎಡಬೂಟು ಮಡಿಲಲ್ಲಿತ್ತು. ಅಡಿ ಬಿಟ್ಟುಕೊಂಡು ಬಾಯಿ ತೆರೆದಂತೆ ನೇತಾಡುತ್ತಿತ್ತು. ಬಸ್ಸಿಲ್ಲದ ದಿನಗಳು. ಔಷಧದ ಪೊಟ್ಟಣಗಳನ್ನೆಲ್ಲ ಅವಳು ನಡೆದೇ ಹಂಚುತ್ತಿದ್ದಳು. ದಾರದಿಂದ ಬಿಗಿದು ಎರಡು ದಿನ ನಡೆದು ಸೊಂಟ ಹಿಡಿದಿತ್ತು. ಕಿಟಕಿಯ ಒಳಗಿನಿಂದ ಬೂಟಿನಕ್ಕ ಅವಳ ಜೊತೆ ಮಾತಾಡುತ್ತಿದ್ದಳು.

"ಹೊಲಿಗೆ ಸತ್ತಿದೆ, ಹೊಸದೇ ಆಗ್ಬೇಕು. ಅಚ್ಚಿಲ್ಲ. ಕಾಲಿನ ಪಡಿಯಚ್ಚು ತೆಗೆಯೋಣ ಅಂದ್ರೆ ಪ್ಲಾಸ್ಟರ್ ಇಲ್ಲ, ಅಂಗಡಿ ಮುಚ್ಚಿದೆ. ಪ್ಲಾಸ್ಟರ್ ಸಿಕ್ಕಿದ್ರೂ ಮರ ಕೆತ್ತೋಕೆ ನನ್ನ ತೋಳು ಮೇಲಕ್ಕೇಳಲ್ಲ. ಏನು ಮಾಡ್ಲಿ ಹೇಳು?"

ಬೀಗದಣ್ಣ ಚೀಲ ಕೆಳಗಿಟ್ಟ. "ಪ್ಲಾಸ್ಟರ್ ಇರೋ ಜಾಗ ನನಗೆ ಗೊತ್ತು," ಎಂದ. "ಅರ್ಧ ಗಂಟೆ ಕೊಡಿ."

ಹಲ್ಲಿನ ಡಾಕ್ಟರು ಮುಚ್ಚಿದ ಕ್ಲಿನಿಕ್ಕಿನಲ್ಲಿ ರೋಗಿಯ ಕುರ್ಚಿಯ ಮೇಲೆ ತಾವೇ ಒರಗಿಕೊಂಡು ಚಾವಣಿ ನೋಡುತ್ತಿದ್ದರು. ಬೀಗದಣ್ಣನನ್ನು ಕಂಡು ಎದ್ದು ಕೂತರು.

"ಇನ್ನೇನು ಉಳಿದಿದೆ ಹೇಳೋಕೆ?"

"ಹಲ್ಲಿನ ಅಚ್ಚು ತೆಗೀತೀರಲ್ಲ, ಆ ಪ್ಲಾಸ್ಟರ್ ಎಷ್ಟಿದೆ?"

"ಒಂಬತ್ತು ಚೀಲ. ಯಾಕೆ?"

ಬೀಗದಣ್ಣ ಹೇಳಿದ. ಡಾಕ್ಟರು ಬಹಳ ಹೊತ್ತು ಮಾತಾಡಲಿಲ್ಲ. ಅವರಿಗೂ ಅದು ಹೊಸ ಅಭ್ಯಾಸವೇ.

"ತಗೊಂಡು ಹೋಗು," ಎಂದರು ಕೊನೆಗೆ.

"ತಗೊಂಡು ಹೋಗಿ ನಾನೇನು ಮಾಡ್ಲಿ? ಅಚ್ಚು ತೆಗೆಯೋ ಕೈ ನಿಮ್ಮದು."

"ಆಯಮ್ಮ ನನ್ನ ಮುಖ ನೋಡ್ತಾಳಾ?"

"ಮುಖಕ್ಕೆ ಮಾಸ್ಕ್ ಇದೆಯಲ್ಲ," ಎಂದ ಬೀಗದಣ್ಣ.

ಅಂಗಳದಲ್ಲೇ ಕೆಲಸ ನಡೆಯಿತು. ಬೂಟಿನಕ್ಕ ಕಿಟಕಿಯೊಳಗಿಂದ ಹೇಗೆಂದು ಹೇಳಿದಳು. ಪಾದಕ್ಕೆ ಸೋಪು ಹಚ್ಚಬೇಕು, ಮೇಲೆ ಉದ್ದಕ್ಕೊಂದು ದಾರ ಇಡಬೇಕು, ಹಳೆ ಬಟ್ಟೆಯ ಪಟ್ಟಿಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಸುತ್ತಬೇಕು. ಗಟ್ಟಿಯಾಗುವ ಮುಂಚೆ ದಾರ ಎಳೆದು ಸೀಳಬೇಕು, ಆಗ ಪಾದ ಸುಲಭವಾಗಿ ಹೊರಗೆ ಬರುತ್ತದೆ. ಡಾಕ್ಟರು ಅಂಚೆಯಾಕೆಯ ಎದುರು ನೆಲದ ಮೇಲೆ ಕೂತು ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅವರ ಕೈ ಹಗುರವಾಗಿ, ಲೆಕ್ಕಾಚಾರವಾಗಿ ಓಡಿತು. ಪ್ಲಾಸ್ಟರಿಗೆ ಚಿಟಿಕೆ ಉಪ್ಪು ಹಾಕಿದರೆ ಬೇಗ ಕೂರುತ್ತದೆಂಬುದು ಅವರಿಗೆ ಗೊತ್ತಿತ್ತು.

"ಅಲ್ಲಾಡಬೇಡಿ. ಇನ್ನು ಮೂರು ನಿಮಿಷ. ಬಾಯಿ ಅಗಲ ಮಾಡಿ," ಎಂದರು.

ಅಂಚೆಯಾಕೆ ಮಾಸ್ಕಿನೊಳಗೇ ಬಾಯಿ ತೆರೆದಳು. ಆಮೇಲೆ ಅವಳಿಗೆ ನಗು ಬಂತು. ಕಾಲು ಅಲ್ಲಾಡಿತು. ಪ್ಲಾಸ್ಟರ್ ಬಿರುಕು ಬಿಟ್ಟು ಮೊದಲಿನಿಂದ ಮಾಡಬೇಕಾಯಿತು. ಕಿಟಕಿಯೊಳಗಿನಿಂದ ಕೆಮ್ಮಿದಂತೆ ಸದ್ದು ಬಂತು. ಅದು ಕೆಮ್ಮಲ್ಲ, ಬೂಟಿನಕ್ಕ ನಕ್ಕದ್ದು ಎಂದು ಬೀಗದಣ್ಣ ಮನೆಗೆ ಹೋಗಿ ಹೆಂಡತಿಗೆ ಹೇಳಿದ.

ಮರ ಕೆತ್ತುವ ಕೆಲಸ ಅವನ ಪಾಲಿಗೆ ಬಂತು. ಅರ ಹಿಡಿದು ನಲವತ್ತು ವರ್ಷ ಕೀಲಿ ಉಜ್ಜಿದವನಿಗೆ ಮರ ಯಾವ ಲೆಕ್ಕ ಎಂದುಕೊಂಡಿದ್ದ. ಮರದಂಗಡಿಗಳು ಮುಚ್ಚಿದ್ದರಿಂದ ಸಂಘದ ಹಾಲಿನ ಎರಡು ಹಳೆಯ ಬೆಂಚುಗಳನ್ನು ಗರಗಸಕ್ಕೆ ಕೊಟ್ಟರು. ಮೊದಲ ಪಾದವನ್ನು ಎರಡು ದಿನ ಕೂತು ತಿದ್ದಿ, ಕಿಟಕಿಯ ಸರಳಿನ ಸಂದಿಯಿಂದ ಒಳಗೆ ಕೊಟ್ಟ. ಬೂಟಿನಕ್ಕ ಕಣ್ಣು ಮುಚ್ಚಿಕೊಂಡು ಅದರ ಮೇಲೆ ಹೆಬ್ಬೆರಳು ಎಳೆದಳು.

"ನೀವು ಕೀಲಿ ಉಜ್ಜಿದೀರ," ಎಂದಳು. "ಎಲ್ಲಾ ಕಡೆ ಅಂಚು. ಕೀಲಿಗೆ ನೋವಾಗಲ್ಲ. ಇದರ ಮೇಲೆ ಹೊಲಿದ ಬೂಟು ಹಾಕ್ಕೊಂಡು ಅವಳು ದಿನಕ್ಕೆ ಹತ್ತು ಮೈಲಿ ನಡೀಬೇಕು."

ಎರಡನೆಯದಕ್ಕೆ, "ಇದು ಯಾರ ಪಾದ? ನನಗಂತೂ ಗುರುತಿಲ್ಲ," ಎಂದಳು. ಮೂರನೆಯದನ್ನು ನೋಡಿ ಹಿಂದಕ್ಕೆ ಕೊಟ್ಟಳು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು, ಒಳಗೆ ಒಯ್ದು, ಹಲಗೆಯ ಖಾಲಿ ಜಾಗದಲ್ಲಿ ಇಟ್ಟಳು. ಹತ್ತು ದಿನ ಕಳೆದ ಮೇಲೆ ಅಂಚೆಯಾಕೆ ಹೊಸ ಬೂಟು ಹಾಕಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು. ಬೂಟಿನಕ್ಕ ಕಿಟಕಿಯಲ್ಲಿ ಕಿವಿಗೊಟ್ಟು ಕೇಳಿ, "ಎಡಗಾಲು ಸ್ವಲ್ಪ ಕಚ್ತಾ ಇದೆ, ಬಿಚ್ಚು," ಎಂದಳು. ನಿಜಕ್ಕೂ ಕಚ್ಚುತ್ತಿತ್ತು.

ಉಳಿದ ಇಪ್ಪತ್ತೆರಡು ಜನರನ್ನು ಹುಡುಕುವುದು ದೊಡ್ಡ ಟೀಚರ್ ಪಾಲಿಗೆ ಬಂತು. ಬೂಟಿನಕ್ಕನ ಹಳೆಯ ಪುಸ್ತಕದಲ್ಲಿ ಸಂಖ್ಯೆ, ವಿಳಾಸ ಇದ್ದವು. ಟೀಚರ್ ಹಾಜರಿ ಕರೆಯುವವರಂತೆ ಒಬ್ಬೊಬ್ಬರಿಗೂ ಫೋನು ಹಚ್ಚಿದರು. ಮೂವರು ಇರಲಿಲ್ಲ. ಇಬ್ಬರು ಇದೇ ರೋಗದಲ್ಲಿ ಹೋಗಿದ್ದರು, ಒಬ್ಬರು ಅದಕ್ಕೂ ಹಿಂದೆಯೇ. ಇಬ್ಬರು ಊರು ಬಿಟ್ಟಿದ್ದರು, ಪತ್ತೆಯಾಗಲಿಲ್ಲ. ಒಬ್ಬ ಮುದುಕ, "ಇನ್ನು ನಾನು ಹೋಗಬೇಕಾದ ಕಡೆಗೆ ಬೂಟು ಬೇಕಾಗಿಲ್ಲ ಬಿಡಮ್ಮ," ಎಂದು ಫೋನಿಟ್ಟ. ಅಂಚೆಯಾಕೆಯನ್ನು ಬಿಟ್ಟು ಉಳಿದವರು ಹದಿನಾರು.

ಹದಿನಾರು ಅಂಗಳಗಳಲ್ಲಿ ಡಾಕ್ಟರು ನೆಲಕ್ಕೆ ಕೂತರು. ಕೆಲವರು ಹೆದರಿ ಗೇಟಿನ ಸಂದಿಯಿಂದ ಕಾಲು ಹೊರಗೆ ಚಾಚಿದರು. ಹದಿನಾಲ್ಕು, ಹದಿನೈದನೇ ಸಂಖ್ಯೆಯ ಅಕ್ಕತಂಗಿಯರು ಜಗಳವಾಡಿಕೊಂಡು ಬೇರೆ ಬೇರೆ ಬೀದಿಯಲ್ಲಿದ್ದರು. ಇಬ್ಬರೂ ಮತ್ತೊಬ್ಬಳ ಕಾಲು ಹೇಗಿದೆಯೆಂದು ಡಾಕ್ಟರನ್ನು ಗುಟ್ಟಾಗಿ ಕೇಳಿದರು. ಒಬ್ಬ ಹೆಂಗಸಿನ ಕಾಲು ಮೊದಲಿನ ಅಳತೆಗಿಂತ ಎಷ್ಟೋ ಬದಲಾಗಿತ್ತು. ಆರು ವರ್ಷದಿಂದ ಕಚ್ಚುವ ಬೂಟನ್ನೇ ಹಾಕಿಕೊಂಡು, ಹೇಳಲು ನಾಚಿಕೊಂಡು ಸುಮ್ಮನಿದ್ದಳು.

"ಅಧ್ಯಕ್ಷರು ಊರವರ ಕಾಲು ಹಿಡೀತಿದಾರಂತೆ, ಚುನಾವಣೆ ಹತ್ರ ಬಂತಾ?" ಎಂದು ಬೀಗದಣ್ಣನ ಹೆಂಡತಿ ಕೇಳಿದಳು. ಆ ಮಾತು ಹೇಗೋ ಡಾಕ್ಟರ ಕಿವಿಗೂ ಬಿತ್ತು. ಅವರೇ ಅದನ್ನು ನಾಲ್ಕು ಜನರಿಗೆ ಹೇಳಿಕೊಂಡು ನಕ್ಕರು.

ಬೂಟಿನಕ್ಕ ಮಾತ್ರ ಅವರನ್ನು ಒಳಗೆ ಕರೆಯಲಿಲ್ಲ. ಪಡಿಯಚ್ಚುಗಳನ್ನು ಅವರು ಕಿಟಕಿಯ ಹಲಗೆಯ ಮೇಲೆ ಇಡುತ್ತಿದ್ದರು, ಅವಳು ಎತ್ತಿಕೊಳ್ಳುತ್ತಿದ್ದಳು. ಒಂದು ದಿನ ಅವರು ಮಾಸ್ಕು ಸರಿಪಡಿಸಿಕೊಂಡು, "ಅವತ್ತಿನದಕ್ಕೆ ನಾನು..." ಎಂದು ಶುರು ಮಾಡಿದರು.

"ಹಿಮ್ಮಡಿ ಚೆನ್ನಾಗಿ ಬಂದಿದೆ," ಎಂದು ಅವಳು ಕಿಟಕಿ ಅರ್ಧ ಮುಚ್ಚಿದಳು.

ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಬೀಗದಣ್ಣನಿಗೆ ಒಳಗೆ ಕೂರಲು ಅಪ್ಪಣೆ ಸಿಕ್ಕಿತು. ಬಾಗಿಲ ಪಕ್ಕ ಅವನಿಗೊಂದು ಕೆಲಸದ ಹಲಗೆ. ಅವಳ ಉಸಿರು ಪೂರ್ತಿಯಾಗಿ ಮರಳಲಿಲ್ಲ. ನಾಲ್ಕು ಹೊಲಿಗೆ ಹಾಕಿದರೆ ಎರಡು ನಿಮಿಷ ವಿಶ್ರಾಂತಿ. ಆ ಎರಡು ನಿಮಿಷದಲ್ಲಿ ಅವಳು ಅವನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದಳು.

ಮುಚ್ಚಿದ ಒಂದು ವರ್ಷ ನಾಲ್ಕು ತಿಂಗಳ ನಂತರ ಸಂಘದ ಹಾಲಿನಲ್ಲಿ ಮತ್ತೆ ಸಭೆ ಸೇರಿತು. ಇಪ್ಪತ್ತೆಂಟರಲ್ಲಿ ಇಪ್ಪತ್ತನಾಲ್ಕು ಜನ ಉಳಿದಿದ್ದರು. ತೀರಿಕೊಂಡ ನಾಲ್ವರಿಗಾಗಿ ಎದ್ದು ನಿಂತರು. ಆಮೇಲೆ ಅಧ್ಯಕ್ಷರು ವಾರ್ಷಿಕ ವರದಿ ಓದಿದರು. ನಲವತ್ತು ಮನೆಗಳ ಉಸ್ತುವಾರಿ, ಇಷ್ಟು ಊಟ, ಇಷ್ಟು ಔಷಧ, ಹದಿನಾಲ್ಕು ಜನರಿಗೆ ವಿಶೇಷ ಪಾದರಕ್ಷೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಕೂರಲಿಲ್ಲ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

"ಈ ವರದೀಲಿ ಒಂದು ವಿಷಯ ಬರೆದಿಲ್ಲ," ಎಂದರು. "ಇಪ್ಪತ್ತಮೂರು ಜೊತೆ ಅಚ್ಚು ಸುಟ್ಟಿದ್ದೂ ನಾವೇ. ನಾನು. ಕೇಳದೆ ಮಾಡಿದೆ."

ಅಭ್ಯಾಸಬಲದಿಂದ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರು ಮಾಡಿ, ಒಂದೇ ಏಟಿಗೆ ನಿಲ್ಲಿಸಿದರು.

"ಇನ್ನೆಷ್ಟು ಬಾಕಿ?" ಎಂದು ದೊಡ್ಡ ಟೀಚರ್ ಕೇಳಿದರು.

"ಮೂರು," ಎಂದ ಬೀಗದಣ್ಣ.

"ಸರಿ. ಮುಂದಿನ ವಿಷಯ."

ಮರುದಿನ ಬೆಳಿಗ್ಗೆ ಬೀಗದಣ್ಣ ಇದನ್ನು ಬೂಟಿನಕ್ಕನಿಗೆ ಹೇಳಿದ. ಅವಳು ಸೂಜಿ ನಿಲ್ಲಿಸಿದಳು.

"ಇಪ್ಪತ್ತಮೂರು ಅಂತ ಸರಿಯಾಗಿ ಹೇಳಿದ್ರಾ?"

"ಸರಿಯಾಗೇ ಹೇಳಿದ್ರು."

ಅವಳು ತಲೆಯಾಡಿಸಿದಳು. ದಾರಕ್ಕೆ ಮೇಣ ಹಚ್ಚಿ ಮತ್ತೆ ಹೊಲಿಗೆಗೆ ಬಾಗಿದಳು. ನಾಲ್ಕು ಹೊಲಿಗೆಯ ನಂತರ ಉಸಿರಿಗಾಗಿ ನಿಂತು, ಅವನ ಕೈಯಲ್ಲಿದ್ದ ಪಾದವನ್ನು ನೋಡಿದಳು.

"ಬಲಗಡೆ ಇನ್ನೂ ಸ್ವಲ್ಪ ಇಳೀಬೇಕು," ಎಂದಳು. "ಈ ಪಾದದವರಿಗೆ ಅಲ್ಲಿ ಬರೀ ಮೂಳೆ, ಮಾಂಸ ಇಲ್ಲ."

ಅವನು ಅರ ಎತ್ತಿಕೊಂಡ.